ಪಿಂಕ್ ಸಾಲ್ಟ್, ಗಾಣದ ಎಣ್ಣೆ, ಕಪ್ಪು ಬೆಲ್ಲ: ನಿಜಕ್ಕೂ ಆರೋಗ್ಯಕ್ಕೆ ಒಳ್ಳೆಯದಾ, ಇಲ್ಲಾ ಸುಮ್ನೆ ರೊಕ್ಕ ದಂಡಾನಾ?

ಕೇಶ್ವಾಪುರ ಸೊಸೆ:
ನಮ್ಮ ಅಡುಗೆಮನೆಯಲ್ಲಿ ಈಗ ಉಪ್ಪೇ ಮೂರು ಥರ. ಮಾವನವರಿಗೆ ಕಲ್ಲುಪ್ಪು, ಅತ್ತೆಗೆ ಪಿಂಕ್ ಸಾಲ್ಟ್, ನನಗೂ ಮಕ್ಕಳಿಗೂ ಅಂಗಡಿಯ ಪುಡಿ ಉಪ್ಪು. ಮೈದುನ ಬೆಂಗಳೂರಿನಲ್ಲಿದ್ದಾನೆ, ಬಂದಾಗೊಮ್ಮೆ ಏನಾದರೂ ಹೊಸದು ಹೊತ್ತು ತರುತ್ತಾನೆ. ಗಾಣದ ಎಣ್ಣೆ ಆಯಿತು, ಕಪ್ಪು ಬೆಲ್ಲ ಆಯಿತು, ಈಗ ಉಪ್ಪು. ರಿಫೈಂಡ್ ಅಂದರೆ ವಿಷ, ಪ್ಯಾಕೆಟ್ ಉಪ್ಪಿನಲ್ಲಿ ಸೈನೈಡ್ ಇದೆ ಅಂತ ಮನೆಯವರ ಗ್ರೂಪಿನಲ್ಲಿ ದಿನಾ ಒಂದು ವಿಡಿಯೋ.

ಖರ್ಚಿನ ಮಾತು ಬಿಡಿ, ನನ್ನ ಚಿಂತೆ ಬೇರೆ. ಅತ್ತೆಗೆ ಬಿಪಿ ಇದೆ. ಡಾಕ್ಟರು ಉಪ್ಪು ಕಡಿಮೆ ಮಾಡಿ ಅಂದಿದ್ದಾರೆ. ಅತ್ತೆ ಹೇಳುವುದು, "ಇದು ನೈಸರ್ಗಿಕ ಉಪ್ಪು, ಇದರಿಂದ ಬಿಪಿ ಏರೋದಿಲ್ಲ". ಹಾಗಂತ ಮಜ್ಜಿಗೆಗೂ ಮೇಲಿಂದ ಉದುರಿಸಿಕೊಳ್ಳುತ್ತಾರೆ. ನಾನು ಬಾಯಿ ಬಿಟ್ಟರೆ ಸೊಸೆ ಉಪ್ಪಿಗೂ ಲೆಕ್ಕ ಹಾಕುತ್ತಾಳೆ ಅಂತಾಗುತ್ತೆ. ತಿಳಿದವರು ಹೇಳಿ, ಈ ನೈಸರ್ಗಿಕ ಸಾಮಾನಿನಲ್ಲಿ ಏನಾದರೂ ಹುರುಳಿದೆಯಾ?

ರೊಟ್ಟಿ ಪ್ರಿಯ:
ಉಪ್ಪು ಆಮೇಲೆ. ಮೊದಲು ಮೈದುನನ ಫೋನಿನ ಡೇಟಾ ಬಂದ್ ಮಾಡಿ.

ಲ್ಯಾಬ್ ಹುಡುಗ ಧಾರವಾಡ:
ಮೂರೂ ಡಬ್ಬಿಯಲ್ಲಿರುವುದು ಸೋಡಿಯಂ ಕ್ಲೋರೈಡೇ ಅಕ್ಕಾ. ಪಿಂಕ್ ಸಾಲ್ಟ್‌ನಲ್ಲಿ ನೂರಕ್ಕೆ 97-98 ಭಾಗ ಅದೇ. ಗುಲಾಬಿ ಬಣ್ಣ ಬರುವುದು ಕಬ್ಬಿಣದ ಆಕ್ಸೈಡಿನಿಂದ. ಬಿಪಿ ಏರಿಸುವುದು ಸೋಡಿಯಂ. ಅದು ಗುಡ್ಡದ್ದೋ ಸಮುದ್ರದ್ದೋ ಅಂತ ರಕ್ತನಾಳ ವಿಚಾರಿಸುವುದಿಲ್ಲ.

84 ಖನಿಜ ಇವೆ ಅಂತ ವಿಡಿಯೋದಲ್ಲಿ ಹೇಳುತ್ತಾರಲ್ಲ, ಅದರ ಲೆಕ್ಕ ಹಾಕಿ ನೋಡಿ. ವಿಶ್ವ ಆರೋಗ್ಯ ಸಂಸ್ಥೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ತಿನ್ನಿ ಅನ್ನುತ್ತೆ. 5 ಗ್ರಾಂ ಪಿಂಕ್ ಸಾಲ್ಟ್ ತಿಂದರೆ ಸೋಡಿಯಂ ಕ್ಲೋರೈಡ್ ಬಿಟ್ಟು ಉಳಿಯುವುದು 100-150 ಮಿಲಿಗ್ರಾಂ. ಖನಿಜ, ಮಣ್ಣು, ಜಿಪ್ಸಮ್ ಎಲ್ಲಾ ಅದರಲ್ಲೇ ಬಂತು. ಒಂದು ಬಾಳೆಹಣ್ಣು ತಿಂದರೆ ಪೊಟ್ಯಾಸಿಯಂ ಒಂದೇ 350-400 ಮಿಲಿಗ್ರಾಂ ಸಿಗುತ್ತೆ. ದುರ್ಗದಬೈಲಿನಲ್ಲಿ ಬಾಳೆಹಣ್ಣಿಗೆ ಬರವಾ?

ಹಳೆ ಹುಬ್ಬಳ್ಳಿ ಅಣ್ಣ:
ಲ್ಯಾಬಿನವರಿಗೆ ಎಲ್ಲವೂ ಫಾರ್ಮುಲಾ. ನಮ್ಮ ಅಜ್ಜ ಕಲ್ಲುಪ್ಪು ತಿಂದೇ ತೊಂಬತ್ತು ದಾಟಿದರು. ಒಂದು ದಿನ ಬಿಪಿ ಗುಳಿಗೆ ನುಂಗಲಿಲ್ಲ. ಪ್ಯಾಕೆಟ್ ಉಪ್ಪು ಬಂತು, ಪ್ಯಾಕೆಟ್ ಎಣ್ಣೆ ಬಂತು, ಹಿಂದೆಯೇ ಓಣಿಗೊಂದು ಮೆಡಿಕಲ್ ಶಾಪ್ ಬಂತು. ಇದಕ್ಕೆ ಯಾವ ಲ್ಯಾಬ್ ಬೇಕ್ರಿ?

ಉಣಕಲ್ ವಾಕರ್:
ಅಜ್ಜ ಬಿಪಿ ಚೆಕ್ ಮಾಡಿಸಿದ್ದರೇನ್ರಿ ಅಣ್ಣಾರ? ನೋಡದೇ ಇದ್ದರೆ ಎಲ್ಲರದ್ದೂ ನಾರ್ಮಲ್ಲೇ.

ಹಳೆ ಹುಬ್ಬಳ್ಳಿ ಅಣ್ಣ:
ದಿನಾ ಹೊಲಕ್ಕೆ ನಡೆದು ಹೋಗಿ ನಡೆದೇ ಬರುತ್ತಿದ್ದರು ಸರ. ನೀವು ಕೆರೆಗೆ ಒಂದು ಸುತ್ತು ಹಾಕಿ ಗಿರ್ಮಿಟ್ ತಿಂದು ಬರುವವರು.

ಉಣಕಲ್ ವಾಕರ್:
ಗಿರ್ಮಿಟ್ ವಿಷಯ ಒಪ್ಪಿದೆ. ಆದರೆ ಈಗ ನೀವೇ ಹೇಳಿದಿರಿ, ಅಜ್ಜನನ್ನು ಉಳಿಸಿದ್ದು ನಡಿಗೆ ಅಂತ. ಕಲ್ಲುಪ್ಪಿಗೆ ಯಾಕೆ ಸರ್ಟಿಫಿಕೇಟ್ ಕೊಡುತ್ತೀರಿ?

ನರಗುಂದ ಸಿಸ್ಟರ್:
ನಾನು ನರ್ಸ್. ಕಲ್ಲುಪ್ಪು, ಪಿಂಕ್ ಸಾಲ್ಟ್ ಎರಡರ ವಿಷಯದಲ್ಲೂ ನನಗೆ ಭಯ ಇರುವುದು ಅಯೋಡಿನ್ ಬಗ್ಗೆ. ಯಾರೂ ಆ ಮಾತೇ ಎತ್ತಲಿಲ್ಲ.

ಗಳಗಂಡ ನೋಡಿದ್ದೀರಾ? ಕುತ್ತಿಗೆ ಮುಂದೆ ಗಡ್ಡೆ ಬಂದಂತಾಗುತ್ತೆ. ಈಗಿನವರಿಗೆ ಗೊತ್ತಿಲ್ಲ, ಯಾಕೆಂದರೆ ಉಪ್ಪಿಗೆ ಅಯೋಡಿನ್ ಸೇರಿಸಿದ್ದರಿಂದ ಕಡಿಮೆಯಾಯಿತು. ಹಿಮಾಚಲದ ಕಾಂಗ್ಡಾ ಕಣಿವೆಯಲ್ಲಿ 1956ರಿಂದ ಡಾ. ವಿ. ರಾಮಲಿಂಗಸ್ವಾಮಿ ಅವರ ತಂಡ ಕೆಲವು ಕಡೆ ಅಯೋಡಿನ್ ಉಪ್ಪು, ಕೆಲವು ಕಡೆ ಸಾದಾ ಉಪ್ಪು ಕೊಟ್ಟು ನೋಡಿತು. ಅಯೋಡಿನ್ ಕೊಟ್ಟ ಕಡೆ ಗಳಗಂಡ ಇಳಿಯಿತು. ಅದರ ಆಧಾರದ ಮೇಲೆ 1962ರಲ್ಲಿ ದೇಶದ ಕಾರ್ಯಕ್ರಮ ಶುರುವಾಯಿತು. ಅಯೋಡಿನ್ ಇಲ್ಲದ ಉಪ್ಪನ್ನು ಊಟಕ್ಕೆ ಮಾರಬಾರದು ಅಂತ ಇದ್ದ ನಿಷೇಧವನ್ನು 2000ದಲ್ಲಿ ತೆಗೆದರು, 2006ರಲ್ಲಿ ಮತ್ತೆ ತಂದರು.

ಬರೀ ಗಡ್ಡೆಯ ಮಾತಲ್ಲ. ಬಸುರಿಗೆ ಅಯೋಡಿನ್ ಸಾಲದಿದ್ದರೆ ಹೊಟ್ಟೆಯಲ್ಲಿರುವ ಮಗುವಿನ ಮಿದುಳಿಗೆ ಪೆಟ್ಟು. ದೊಡ್ಡವರಿಗೆ ದಿನಕ್ಕೆ 150 ಮೈಕ್ರೋಗ್ರಾಂ ಬೇಕು, ಬಸುರಿಯರಿಗೆ 250. ಅಂಗಡಿಯಲ್ಲಿ ಸಿಗುವ ಉಪ್ಪಿನಲ್ಲಿ ಕನಿಷ್ಠ 15 ಪಿಪಿಎಂ (ಕಿಲೋಗೆ 15 ಮಿಲಿಗ್ರಾಂ) ಇರಬೇಕು, ಅಂದರೆ 5 ಗ್ರಾಂ ಉಪ್ಪಿನಿಂದ 75 ಮೈಕ್ರೋಗ್ರಾಂ. ಉಳಿದದ್ದು ಹಾಲು, ಮೊಸರು, ಮೊಟ್ಟೆಯಿಂದ ಬರಬೇಕು. ನಮ್ಮ ಕಡೆ ಬಹಳ ಮನೆಗಳಲ್ಲಿ ಸಮುದ್ರದ ಮೀನು ತಿನ್ನುವುದೇ ಇಲ್ಲ. ಇರುವ ಒಂದು ದಾರಿಯನ್ನೂ ಪಿಂಕ್ ಸಾಲ್ಟ್ ಹೆಸರಲ್ಲಿ ಮುಚ್ಚಿಕೊಂಡರೆ ಹೇಗೆ?

ಸಪ್ತಾಪುರ ಭಾವಿ:
ಸಿಸ್ಟರ್, ನನಗೆ ಥೈರಾಯ್ಡ್ ಗುಳಿಗೆ ನಡೆದಿದೆ. ಅಯೋಡಿನ್ ಉಪ್ಪು ಬಿಡಬೇಕು ಅಂತ ಯೋಗ ಕ್ಲಾಸಿನಲ್ಲಿ ಒಬ್ಬರು ಹೇಳಿದರು.

ನರಗುಂದ ಸಿಸ್ಟರ್:
ಯೋಗ ಕ್ಲಾಸಿನಲ್ಲಿ ಯೋಗ ಕಲಿಯಿರಿ. ಉಪ್ಪಿನಲ್ಲಿರುವ ಅಯೋಡಿನ್ ತೀರಾ ಸ್ವಲ್ಪ, ಸಾಮಾನ್ಯವಾಗಿ ಬಿಡಬೇಕಿಲ್ಲ. ಆದರೂ ನಿಮ್ಮ ಗುಳಿಗೆ ಬರೆದ ಡಾಕ್ಟರನ್ನೇ ಕೇಳಿ. ಬೆಳಗ್ಗೆ ಗುಳಿಗೆ ತೊಗೊಂಡ ಕೂಡಲೇ ಚಹಾ ಕುಡಿಯುತ್ತೀರಾ? ಮೊದಲು ಅದನ್ನು ನಿಲ್ಲಿಸಿ.

ಸಪ್ತಾಪುರ ಭಾವಿ:
ಕುಡಿಯುತ್ತೇನೆ 🙈

ಗೋಕರ್ಣದ ಗಾಳಿ:
ಊರು ಗೋಕರ್ಣದ ಕಡೆ, ಈಗ ಗೋಪನಕೊಪ್ಪದಲ್ಲಿದ್ದೇನೆ. ಕಲ್ಲುಪ್ಪನ್ನು ಇಷ್ಟು ಬೈಯುವುದು ನೋಡಿ ಸುಮ್ನಿರೋಕೆ ಆಗಲಿಲ್ಲ.

ಸಾಣಿಕಟ್ಟಾದ ಉಪ್ಪಿನ ಆಗರ ನೋಡಿದವರು ಇಲ್ಲಿ ಎಷ್ಟು ಜನ? ಮಳೆಗಾಲ ಮುಗಿದ ಮೇಲೆ ಆಗರದ ಕೆಸರು ತೆಗೆದು, ನೆಲವನ್ನು ತುಳಿದು ತುಳಿದು ಗಟ್ಟಿ ಮಾಡುತ್ತಾರೆ. ಭರತದ ನೀರನ್ನು ಒಳಗೆ ಬಿಟ್ಟು ಒಂದು ಗದ್ದೆಯಿಂದ ಇನ್ನೊಂದಕ್ಕೆ ಹಾಯಿಸುತ್ತಾ ಹೋಗುತ್ತಾರೆ. ಬಿಸಿಲಿಗೆ ನೀರು ದಪ್ಪಗಾಗುತ್ತಾ ಬಂದು ಕೊನೆಯ ಸಣ್ಣ ಗದ್ದೆಯಲ್ಲಿ ಹರಳು ಕಟ್ಟುತ್ತೆ. ಉದ್ದ ಹಿಡಿಕೆಯ ಹಲಗೆಯಿಂದ ಅದನ್ನು ಬದುವಿಗೆ ಎಳೆದು ಗುಡ್ಡೆ ಹಾಕುತ್ತಾರೆ. ಜೋರಾಗಿ ಎಳೆದರೆ ಕೆಳಗಿನ ಮಣ್ಣೂ ಬರುತ್ತೆ, ಮೆಲ್ಲಗೆ ಎಳೆಯುವುದಕ್ಕೆ ಕೈ ಪಳಗಿರಬೇಕು. ಉಪ್ಪಿಗೆ ಸ್ವಲ್ಪ ಬೂದು ಬಣ್ಣ ಇರುವುದು ಆ ಮಣ್ಣಿನಿಂದಲೇ. ಮಳೆಗಾಲದಲ್ಲಿ ಡಬ್ಬಿಯಲ್ಲಿ ನೀರು ಬಿಡುತ್ತಲ್ಲ, ಅದು ಉಪ್ಪಿನಲ್ಲಿ ಉಳಿದ ಮೆಗ್ನೀಸಿಯಂ ಕ್ಲೋರೈಡ್ ಮಾಡುವ ಕೆಲಸ.

ಉಪ್ಪಿನಕಾಯಿಗೆ ಅದೇ ಬೇಕು. ರುಚಿಯೂ ಬೇರೆ. ಆದರೆ ಔಷಧಿ ಅಂತ ಆಗರದಲ್ಲಿ ದುಡಿದವರು ಯಾರೂ ಹೇಳಿದ್ದು ನಾನು ಕೇಳಿಲ್ಲ. ಮತ್ತೆ "ಸಮುದ್ರದ ಉಪ್ಪಿನಲ್ಲಿ ಅಯೋಡಿನ್ ತಾನಾಗಿಯೇ ಇರುತ್ತೆ" ಅನ್ನುವುದೂ ಸುಳ್ಳು. ಹರಳಿನಲ್ಲಿ ಉಳಿಯುವುದು ಲೆಕ್ಕಕ್ಕಿಲ್ಲದಷ್ಟು. ಅಯೋಡಿನ್ ಬೇಕಾದರೆ ಬೇರೆಯಾಗಿ ಸೇರಿಸಬೇಕು. ಸೇರಿಸಿದ ಕಲ್ಲುಪ್ಪೂ ಸಿಗುತ್ತೆ, ಚೀಲದ ಮೇಲೆ ಬರೆದಿರುತ್ತೆ, ಓದಿ ತೊಗೊಳ್ಳಿ.

ಹಳೆ ಹುಬ್ಬಳ್ಳಿ ಅಣ್ಣ:
ನಿಮ್ಮ ಕಡೆಯ ಉಪ್ಪಿಗೆ ಇತಿಹಾಸವೂ ಇದೆ. 1930ರ ಏಪ್ರಿಲ್‌ನಲ್ಲಿ ಅಂಕೋಲೆಯಲ್ಲಿ ಉಪ್ಪಿನ ಸತ್ಯಾಗ್ರಹ ಆಗಿತ್ತು. ಈಗ ಅದೇ ಉಪ್ಪು ಬಿಟ್ಟು ಪಾಕಿಸ್ತಾನದ ಉಪ್ಪಿಗೆ ಮುಗಿಬೀಳುತ್ತೇವೆ.

ರೊಟ್ಟಿ ಪ್ರಿಯ:
ಪಾಕಿಸ್ತಾನದ್ದಾ? ಪ್ಯಾಕೆಟ್ ಮೇಲೆ ಹಿಮಾಲಯ ಅಂತ ಹಿಮದ ಚಿತ್ರ ಇದೆಯಲ್ಲ?

ಲ್ಯಾಬ್ ಹುಡುಗ ಧಾರವಾಡ:
ಹೆಸರಾಂತ ಪಿಂಕ್ ಸಾಲ್ಟ್ ಬರುವುದು ಪಾಕಿಸ್ತಾನದ ಪಂಜಾಬಿನ ಖೇವ್ರಾ ಗಣಿಯಿಂದ. ಹಿಮದ ಶಿಖರ ಅಲ್ಲಿಂದ ಬಹಳ ದೂರ. 2025ರ ಮೇ ತಿಂಗಳಲ್ಲಿ ಪಾಕಿಸ್ತಾನದಿಂದ ಆಮದನ್ನೇ ನಮ್ಮ ಸರ್ಕಾರ ಬಂದ್ ಮಾಡಿದೆ. ಈಗ ಹೊಸದಾಗಿ ತರುವವರು ಪ್ಯಾಕೆಟ್ ತಿರುಗಿಸಿ ಯಾವ ದೇಶದ್ದು ಅಂತ ಓದುವುದು ಒಳ್ಳೆಯದು.

ಕೇಶ್ವಾಪುರ ಸೊಸೆ:
ಈಗಷ್ಟೇ ತಿರುಗಿಸಿ ನೋಡಿದೆ. ಅಕ್ಷರ ಅಕ್ಕಿನುಚ್ಚಿಗಿಂತ ಸಣ್ಣವು. ಆ ಸೈನೈಡ್ ಕಥೆ ಏನು, ಯಾರಾದರೂ ಹೇಳಿ. ಮಕ್ಕಳು ತಿನ್ನುವುದು ಅದೇ ಉಪ್ಪು.

ಲ್ಯಾಬ್ ಹುಡುಗ ಧಾರವಾಡ:
ಉಪ್ಪು ಗಂಟು ಕಟ್ಟಬಾರದು ಅಂತ ಪೊಟ್ಯಾಸಿಯಂ ಫೆರೋಸೈನೈಡ್ ಅನ್ನುವುದನ್ನು ಬೆರೆಸುತ್ತಾರೆ. ಪ್ಯಾಕೆಟ್ ಮೇಲೆ ಅದರ ಸಂಕೇತ ಸಂಖ್ಯೆ, ಐಎನ್‌ಎಸ್ 536, ಅಂತ ಬರೆದಿರುತ್ತೆ. ಒಂದು ಕಿಲೋ ಉಪ್ಪಿಗೆ ಗರಿಷ್ಠ 10 ಮಿಲಿಗ್ರಾಂ ಹಾಕಲು ಅನುಮತಿ. ನೀವು ತಿನ್ನುವ 5 ಗ್ರಾಂನಲ್ಲಿ ಅದು 0.05 ಮಿಲಿಗ್ರಾಂ. ಹೆಸರಿನಲ್ಲಿ ಸೈನೈಡ್ ಇದ್ದರೂ ಅದು ಕಬ್ಬಿಣಕ್ಕೆ ಬಿಗಿಯಾಗಿ ಅಂಟಿಕೊಂಡಿರುತ್ತೆ, ಹೊಟ್ಟೆಯಲ್ಲಿ ಸುಲಭಕ್ಕೆ ಬಿಡಿಸಿಕೊಳ್ಳುವುದಿಲ್ಲ.

ಇನ್ನೊಂದು ಹೇಳಲಾ? ನಾವು ದಿನಾ ರೊಟ್ಟಿಗೆ ಹಚ್ಚಿಕೊಳ್ಳುವ ಅಗಸಿ ಚಟ್ನಿ ಇದೆಯಲ್ಲ, ಆ ಅಗಸಿ ಬೀಜದಲ್ಲಿ ಸೈನೈಡ್ ಹುಟ್ಟಿಸುವ ವಸ್ತು ಸಹಜವಾಗಿಯೇ ಇರುತ್ತೆ. ಹುರಿದಾಗ ಕಡಿಮೆಯಾಗುತ್ತೆ, ಒಂದೆರಡು ಚಮಚ ಚಟ್ನಿಯಿಂದ ಏನೂ ಆಗುವುದಿಲ್ಲ. ಆದರೆ ಅದರ ಬಗ್ಗೆ ಯಾರೂ ವಿಡಿಯೋ ಮಾಡುವುದಿಲ್ಲ, ಯಾಕೆಂದರೆ ಅದು "ನೈಸರ್ಗಿಕ".

ವೈನಿ ವಿದ್ಯಾನಗರ:
ಏನ್ರಿ ಇದು, ಈಗ ಅಗಸಿ ಚಟ್ನಿಗೂ ಕಲ್ಲು ಹಾಕಿದಿರಾ!

ಲ್ಯಾಬ್ ಹುಡುಗ ಧಾರವಾಡ:
ಇಲ್ಲ ವೈನಿ, ನಾನೇ ದಿನಾ ತಿನ್ನುತ್ತೇನೆ. ಹುರಿದೇ ಮಾಡಿ ಅಂದೆ ಅಷ್ಟೇ.

ವೈನಿ ವಿದ್ಯಾನಗರ:
ಹುರಿಯದೇ ಯಾರು ಮಾಡುತ್ತಾರೆ? ಅಗಸಿ ಚಟಪಟ ಅಂದ ಮೇಲೇ ಕೆಳಗಿಳಿಸುವುದು. ಅದೂ ತಿಳಿಯದಿದ್ದರೆ ಅಡುಗೆಮನೆಗೆ ಯಾಕೆ ಬರಬೇಕು.

ಮುಂಡರಗಿ ಮಾಸ್ತರ:
ನಿಸರ್ಗದ್ದು ಅಂದರೆ ಒಳ್ಳೆಯದು ಅನ್ನುವವರು ನಮ್ಮ ಮುಂಡರಗಿ ಕಡೆ ಬನ್ನಿ. ನಮ್ಮ ಗದಗ ಜಿಲ್ಲೆಯ ಬಹಳ ಊರುಗಳ ಬೋರಿನ ನೀರಿನಲ್ಲಿ ಫ್ಲೋರೈಡ್ ಇದೆ. ಯಾವ ಕಾರ್ಖಾನೆಯೂ ಬೆರೆಸಿದ್ದಲ್ಲ, ನೆಲದ ಕಲ್ಲಿನಿಂದಲೇ ಬಂದದ್ದು. ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ ನಡೆಯುತ್ತೆ ಅಂತ ನಿಯಮ. ಅದನ್ನು ಮೀರಿದ ನೀರು ಕುಡಿದು ಬೆಳೆದ ಮಕ್ಕಳ ಹಲ್ಲು ನೋಡಬೇಕು. ಮೊದಲು ಸುಣ್ಣದಂಥ ಬಿಳಿ ಗೆರೆ, ಆಮೇಲೆ ಕಂದು ಕಲೆ. ಕ್ಲಾಸಿನಲ್ಲಿ ಕೆಲವು ಹೆಣ್ಣುಮಕ್ಕಳು ಬಾಯಿಗೆ ಕೈ ಅಡ್ಡ ಹಿಡಿದೇ ನಗುತ್ತಾರೆ. ವರ್ಷಗಟ್ಟಲೆ ಕುಡಿದವರಿಗೆ ಮೊಣಕಾಲು, ಬೆನ್ನು ಹಿಡಿದುಕೊಳ್ಳುತ್ತೆ.

ಆ ನೀರು ಪೂರ್ತಿ ನೈಸರ್ಗಿಕ. ಶುದ್ಧ ನೀರಿನ ಘಟಕದ ಮಷೀನಿನಿಂದ ಕ್ಯಾನಿಗೆ ಹಿಡಿದು ತರುವ ನೀರು ಸಂಸ್ಕರಿಸಿದ್ದು. ಯಾವುದನ್ನು ಕುಡಿಯಬೇಕು, ನೀವೇ ಹೇಳಿ.

ಉಣಕಲ್ ವಾಕರ್:
ಮಾಸ್ತರ ಹೇಳಿದ್ದಕ್ಕೆ ಉತ್ತರ ಇಲ್ಲ.

ಹಳೆ ಹುಬ್ಬಳ್ಳಿ ಅಣ್ಣ:
ಉತ್ತರ ಇದೆ. ಬೋರನ್ನು ಅಷ್ಟು ಆಳಕ್ಕೆ ಕೊರೆದಿದ್ದು ಯಾರು? ಕೆರೆ, ಬಾವಿ ನೀರು ಕುಡಿಯುವಾಗ ಇಷ್ಟು ಇತ್ತಾ? ಆದರೂ ಮಾಸ್ತರ ಮಾತು ತೆಗೆದುಹಾಕುವಂಥದ್ದಲ್ಲ. ಎಣ್ಣೆಯ ವಿಷಯಕ್ಕೆ ಬರೋಣ. ರಿಫೈಂಡ್ ಎಣ್ಣೆಯನ್ನು ಸಮರ್ಥಿಸುವವರು ಯಾರಿದ್ದೀರಿ?

ಕುಸುಬಿ ಹೊಲ ಗದಗ:
ನಮ್ಮದೇ ಶೇಂಗಾ, ಕುಸುಬಿ ಗಾಣಕ್ಕೆ ಕೊಟ್ಟು ಎಣ್ಣೆ ತೆಗೆಸುತ್ತೇವೆ. ಒಗ್ಗರಣೆ ಹಾಕಿದರೆ ಪಕ್ಕದ ಮನೆಗೂ ಗೊತ್ತಾಗುತ್ತೆ. ರಿಫೈಂಡ್‌ನಲ್ಲಿ ಅಂಟು ತೆಗೆದು, ಆಮ್ಲ ತೆಗೆದು, ಬಣ್ಣ ತೆಗೆದು, ಕೊನೆಗೆ 200 ಡಿಗ್ರಿ ಮೇಲೆ ಕಾಯಿಸಿ ವಾಸನೆಯನ್ನೂ ತೆಗೆಯುತ್ತಾರೆ. ಎಲ್ಲಾ ತೆಗೆದ ಮೇಲೆ ಉಳಿಯುವುದು ಬರೀ ಜಿಡ್ಡು.

ಆದರೆ ನನಗೆ ಗೊತ್ತಿರುವ ಇನ್ನೊಂದು ಮಾತೂ ಹೇಳಬೇಕು. ಕಿತ್ತ ಮೇಲೆ ಮಳೆಗೆ ಸಿಕ್ಕ ಶೇಂಗಾಕ್ಕೆ ಬೂಷ್ಟು ಬರುತ್ತೆ. ಅದರಲ್ಲಿ ಅಫ್ಲಾಟಾಕ್ಸಿನ್ ಅನ್ನುವ ವಿಷ ಹುಟ್ಟುತ್ತೆ, ಲಿವರಿಗೆ ಕೆಟ್ಟದ್ದು. ರಿಫೈನ್ ಮಾಡುವಾಗ ಅದು ಬಹುಪಾಲು ಹೋಗಿಬಿಡುತ್ತೆ. ಗಾಣದ ಎಣ್ಣೆಯಲ್ಲಿ ಹೋಗುವುದಿಲ್ಲ, ಕಾಳಿನಲ್ಲಿ ಇದ್ದರೆ ಎಣ್ಣೆಗೂ ಬರುತ್ತೆ. ಹಾಗಾಗಿ ಗಾಣದ್ದು ಒಳ್ಳೆಯದೋ ಕೆಟ್ಟದ್ದೋ ಅನ್ನುವುದು ಗಾಣಕ್ಕೆ ಹಾಕಿದ ಕಾಳಿನ ಮೇಲೆ ನಿಂತಿದೆ. ನಾವು ಮನೆಯವರೆಲ್ಲ ಕೂತು ಮುರುಟಿದ್ದು, ಕಪ್ಪಾಗಿದ್ದು, ಬೂಷ್ಟು ಹಿಡಿದದ್ದು ಆರಿಸಿ ತೆಗೆಯುತ್ತೇವೆ. ಪೇಟೆಯಲ್ಲಿ "ಗಾಣದ ಎಣ್ಣೆ" ಅಂತ ಬೋರ್ಡ್ ಹಾಕಿದವರೆಲ್ಲ ಆರಿಸುತ್ತಾರಾ? ಅಲ್ಲೇ ನಿಂತು ಚೀಲದೊಳಗೆ ಕೈ ಹಾಕಿ ಒಂದು ಹಿಡಿ ಕಾಳು ತೆಗೆದು ನೋಡಿ, ಗೊತ್ತಾಗುತ್ತೆ.

ನರಗುಂದ ಸಿಸ್ಟರ್:
ಚಲೋ ಹೇಳಿದಿರಿ ಅಣ್ಣಾ. ಬಿಡಿ ಎಣ್ಣೆ ಅಂದ ತಕ್ಷಣ ನನಗೆ 1998ರ ದೆಹಲಿ ನೆನಪಾಗುತ್ತೆ. ಸಾಸಿವೆ ಎಣ್ಣೆಗೆ ದತ್ತೂರಿ (ಅರ್ಜಿಮೋನ್ ಅನ್ನುವ ಮುಳ್ಳುಗಿಡ) ಬೀಜದ ಎಣ್ಣೆ ಬೆರೆತು ಕಾಲು ಬಾವು ಬಂದು ಜನ ಸತ್ತರು. ಪ್ಯಾಕ್ ಮಾಡದ ಎಣ್ಣೆ ಮಾರುವುದಕ್ಕೆ ಕಡಿವಾಣ ಬಿದ್ದದ್ದು ಆಮೇಲೆ. ಮತ್ತೆ, ಗಾಣದ್ದಾದರೂ ಗ್ರಾಂಗೆ 9 ಕ್ಯಾಲೊರಿ, ರಿಫೈಂಡ್ ಆದರೂ 9. "ಒಳ್ಳೆ ಎಣ್ಣೆ" ಅಂತ ಎರಡು ಸೌಟು ಜಾಸ್ತಿ ಸುರಿದರೆ ಹೊಟ್ಟೆ ಬರುವುದು ಬರುತ್ತೆ.

ಬೆಲ್ಲದ ಭಾವ:
ಎಲ್ಲರೂ ಉಪ್ಪು ಎಣ್ಣೆ ಅಂದಿರಿ. ನನ್ನ ಹೆಂಡತಿ ತವರು ಮಹಾಲಿಂಗಪುರದ ಕಡೆ, ಬೆಲ್ಲದ ಗಾಣದಲ್ಲಿ ಕೂತು ನೋಡಿದ್ದೇನೆ. ಕಬ್ಬಿನ ಹಾಲು ಕೊಪ್ಪರಿಗೆಯಲ್ಲಿ ಕಾಯುವಾಗ ಮೇಲೆ ಹಸಿರು-ಕಪ್ಪು ಮಡ್ಡಿ ಬರುತ್ತೆ, ಅದನ್ನು ಜಾಲರಿಯಿಂದ ತೆಗೆಯುತ್ತಲೇ ಇರಬೇಕು. ಹಿಂದೆ ಬೆಂಡೆ ಗಿಡ ಜಜ್ಜಿ ಅದರ ಲೋಳೆ ಹಾಕುತ್ತಿದ್ದರು, ಮಡ್ಡಿಯೆಲ್ಲ ಲೋಳೆಗೆ ಅಂಟಿ ಮೇಲೆ ಬರುತ್ತಿತ್ತು. ಸ್ವಲ್ಪ ಸುಣ್ಣ. ಈಗ ಬಹಳ ಕಡೆ ಹೈಡ್ರೋಸ್ ಪುಡಿ, ಬಣ್ಣ ತೆಗೆಯುವ ಗಂಧಕದ ರಾಸಾಯನಿಕ. ಹಾಕಿದ ಕೂಡಲೇ ಕೆಂಪಗಿದ್ದ ಪಾಕ ಕಣ್ಣೆದುರಿಗೇ ಹಳದಿ ಆಗುತ್ತೆ. ನಾನು ಯಾಕೆ ಹಾಕುತ್ತೀರಿ ಅಂತ ಕೇಳಿದೆ. "ಕೆಂಪು ಬೆಲ್ಲ ತಂದರೆ ನಿಮ್ಮ ಹುಬ್ಬಳ್ಳಿ ಮಂದಿ ಮುಟ್ಟುತ್ತಾರಾ?" ಅಂದರು. ಬಾಯಿ ಮುಚ್ಚಿಕೊಂಡೆ.

ಬೆಲ್ಲದಲ್ಲಿ ಗಂಧಕದ ಡೈಆಕ್ಸೈಡ್ 70 ಪಿಪಿಎಂ ಮೀರಬಾರದು ಅಂತ ಮಿತಿ ಇದೆ. ಹಳ್ಳಿ ಗಾಣದಲ್ಲಿ ಪುಡಿ ಹಾಕುವುದು ಮುಷ್ಟಿ ಲೆಕ್ಕದಲ್ಲಿ.

ಸಪ್ತಾಪುರ ಭಾವಿ:
ಹಾಗಾದರೆ ಕಪ್ಪು ಬೆಲ್ಲವೇ ಚಲೋ ಅಂತಾಯಿತು. ಶುಗರ್ ಇದ್ದವರೂ ತಿನ್ನಬಹುದು ಅಲ್ವಾ?

ನರಗುಂದ ಸಿಸ್ಟರ್:
ಇಲ್ಲ! ಬೆಲ್ಲದಲ್ಲಿ ಮುಕ್ಕಾಲು ಪಾಲು ಸಕ್ಕರೆಯೇ. ಸ್ವಲ್ಪ ಕಬ್ಬಿಣ, ಸ್ವಲ್ಪ ಪೊಟ್ಯಾಸಿಯಂ ಇರುತ್ತೆ ಒಪ್ಪುತ್ತೇನೆ. ಆದರೆ ಶುಗರ್ ಇದ್ದವರಿಗೆ ಕಪ್ಪು, ಹಳದಿ, ಬಿಳಿ ಮೂರೂ ಒಂದೇ. ವಾರ್ಡಿಗೆ ಬಂದವರನ್ನು ಕೇಳಿದರೆ "ಸಕ್ಕರೆ ಬಿಟ್ಟಿದ್ದೇನೆ ಸಿಸ್ಟರ್, ಬರೀ ಬೆಲ್ಲದ ಚಹಾ" ಅನ್ನುತ್ತಾರೆ. ರಿಪೋರ್ಟ್ ನೋಡಿದರೆ ಮುನ್ನೂರರ ಮೇಲೆ.

ಬೆಲ್ಲದ ಭಾವ:
ಕಪ್ಪಗಿದ್ದ ಮಾತ್ರಕ್ಕೆ ಶುದ್ಧ ಅಂತಲೂ ಅಲ್ಲ ಅಕ್ಕಾರ. ಪಾಕ ಹೊತ್ತಿದರೂ ಕಪ್ಪಾಗುತ್ತೆ. ಕಪ್ಪಿಗೆ ರೇಟು ಬಂದ ಮೇಲೆ ಕಪ್ಪು ಮಾಡುವುದನ್ನೂ ಕಲಿತಿದ್ದಾರೆ.

ವೈನಿ ವಿದ್ಯಾನಗರ:
ಎಲ್ಲರೂ ಅಂಗಡಿಯನ್ನೇ ಬೈಯುತ್ತಿದ್ದೀರಿ. ನಮ್ಮ ಅಡುಗೆಮನೆಯನ್ನು ಯಾರೂ ನೋಡುತ್ತಿಲ್ಲ. ಜೋಳದ ರೊಟ್ಟಿಗೆ ನಾವು ಉಪ್ಪು ಹಾಕುವುದಿಲ್ಲ, ಅದು ಒಳ್ಳೆಯದೇ. ಆದರೆ ಆ ಸಪ್ಪೆ ರೊಟ್ಟಿ ಇಳಿಯಬೇಕಲ್ಲ? ತಾಟಿನ ಸುತ್ತ ನೋಡಿ: ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ರಂಜಕ, ಮಾವಿನಕಾಯಿ ಉಪ್ಪಿನಕಾಯಿ, ಮಜ್ಜಿಗೆ ಮೆಣಸಿನಕಾಯಿ, ಹಪ್ಪಳ, ಸಂಡಿಗೆ. ಎಲ್ಲಾ ಮನೆಯಲ್ಲೇ ಮಾಡಿದ್ದು, ಎಲ್ಲಾ ನೈಸರ್ಗಿಕ, ಎಲ್ಲದರಲ್ಲೂ ಉಪ್ಪು. ಹಪ್ಪಳಕ್ಕೆ ಉಪ್ಪಿನ ಜೊತೆ ಹಪ್ಪಳಖಾರ ಬೇರೆ, ಅದೂ ಸೋಡಿಯಂ ಅಂತ ನಮ್ಮ ಮಗಳು ಹೇಳುತ್ತಾಳೆ. ರಂಜಕ ಕೆಡದೇ ಇರಬೇಕಾದರೆ ಎಷ್ಟು ಉಪ್ಪು ಬೀಳುತ್ತೆ ಅಂತ ಮಾಡಿದವರಿಗೆ ಗೊತ್ತು, ಹೇಳಿದರೆ ತಿನ್ನುವವರು ಹೆದರುತ್ತಾರೆ.

ಕೇಶ್ವಾಪುರದವರೇ, ನಿಮ್ಮ ಅತ್ತೆಯ ಜೊತೆ ಯಾವ ಉಪ್ಪು ಅಂತ ಜಗಳ ಆಡಬೇಡಿ. ಅವರು ಪಿಂಕ್ ಅಂದರೆ ಹೂಂ ಅನ್ನಿ. ತಿಂಗಳ ಉಪ್ಪನ್ನು ಒಂದನೇ ತಾರೀಖು ಅಳೆದು ಒಂದೇ ಭರಣಿಗೆ ಹಾಕಿ. ಒಬ್ಬರಿಗೆ ದಿನಕ್ಕೆ 5 ಗ್ರಾಂ ಅಂದರೆ ಐದು ಮಂದಿಗೆ ತಿಂಗಳಿಗೆ ಮುಕ್ಕಾಲು ಕಿಲೋ. ಅದರಲ್ಲೇ ಉಪ್ಪಿನಕಾಯಿ, ಚಟ್ನಿಯ ಉಪ್ಪೂ ಬರಬೇಕು. ನಮ್ಮಲ್ಲಿ ಮೊದಲ ತಿಂಗಳು ಇಪ್ಪತ್ತನೇ ತಾರೀಖಿಗೇ ಭರಣಿ ಖಾಲಿ. ಯಜಮಾನರು ತಾವೇ ನೋಡಿ ಸುಮ್ಮನಾದರು, ನಾನೊಂದು ಮಾತು ಆಡಲಿಲ್ಲ.

ಕೇಶ್ವಾಪುರ ಸೊಸೆ:
ವೈನಿ, ಇದು ನಡೆಯುತ್ತೆ! ಅಳತೆ ಮಾವನವರ ಕೈಯಿಂದಲೇ ಮಾಡಿಸುತ್ತೇನೆ, ಅವರಿಗೆ ಲೆಕ್ಕ ಅಂದರೆ ಪ್ರಾಣ.

ಲ್ಯಾಬ್ ಹುಡುಗ ಧಾರವಾಡ:
ತೂಕ ಮಾಡಿಯೇ ಹಾಕಿ ಅಕ್ಕಾ, ಚಮಚದ ಲೆಕ್ಕ ಬೇಡ. ಹರಳಿನ ನಡುವೆ ಜಾಗ ಇರುತ್ತೆ, ಹಾಗಾಗಿ ಒಂದು ಚಮಚ ಕಲ್ಲುಪ್ಪು ಒಂದು ಚಮಚ ಪುಡಿಗಿಂತ ಹಗುರ. "ಕಲ್ಲುಪ್ಪು ಉಪ್ಪಾಗುವುದು ಕಡಿಮೆ" ಅನ್ನುವುದು ಇದಕ್ಕೇ. ಹೊರಗಿನ ತಿಂಡಿಗೆ ಇನ್ನೊಂದು ಉಪಾಯ. ಪ್ಯಾಕೆಟ್ ಹಿಂದೆ ಸೋಡಿಯಂ ಅಂತ ಬರೆದಿರುತ್ತೆ, ಅದನ್ನು ಎರಡೂವರೆಯಿಂದ ಗುಣಿಸಿದರೆ ಉಪ್ಪು. 1000 ಮಿಲಿಗ್ರಾಂ ಸೋಡಿಯಂ ಅಂದರೆ 2.5 ಗ್ರಾಂ ಉಪ್ಪು, ಅರ್ಧ ದಿನದ ಕೋಟಾ ಮುಗಿಯಿತು.

ಪೇಡಾ ಮತ್ತು ಪಾಠ:
ಇಲ್ಲಿ ಒಂದು ಗೊಂದಲ ಇದೆ ಅನಿಸುತ್ತೆ. ಹಿಟ್ಟು ಬೀಸುವುದೂ ಸಂಸ್ಕರಣೆ, ಹಾಲು ಕಾಯಿಸುವುದೂ ಸಂಸ್ಕರಣೆ, ನಮ್ಮ ಧಾರವಾಡ ಪೇಡಾ ಅಂತೂ ಹಾಲನ್ನು ಗಂಟೆಗಟ್ಟಲೆ ಕಾಡಿಸಿ ಮಾಡಿದ್ದು. ಕೆಟ್ಟದ್ದು ಬೇರೆ ಜಾತಿಯದು. ಬ್ರೆಜಿಲ್‌ನ ಸಾವೊ ಪೌಲೊದ ಕಾರ್ಲೋಸ್ ಮೊಂಟೇರೊ ಅನ್ನುವವರು ಆಹಾರವನ್ನು ನಾಲ್ಕು ಗುಂಪು ಮಾಡಿದ್ದಾರೆ. ಕೊನೆಯದು ಅತಿಯಾಗಿ ಸಂಸ್ಕರಿಸಿದ್ದು. ಮನೆಯ ಡಬ್ಬಿಯಲ್ಲಿ ಎಂದೂ ಇರದ ಪುಡಿ, ಬಣ್ಣ, ಸುವಾಸನೆ ಸೇರಿಸಿ ಕಾರ್ಖಾನೆಯಲ್ಲಿ ಮಾಡಿದ್ದು.

2019ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿ ಕೆವಿನ್ ಹಾಲ್ ತಂಡ 20 ಜನರನ್ನು ಒಳಗೇ ಇಟ್ಟುಕೊಂಡು ಎರಡು ವಾರ ಇಂಥ ಊಟ, ಎರಡು ವಾರ ಸಾದಾ ಊಟ ಕೊಟ್ಟಿತು. ಬಡಿಸಿದ ಸಕ್ಕರೆ, ಕೊಬ್ಬು, ಉಪ್ಪು, ನಾರು ಎರಡರಲ್ಲೂ ಹೆಚ್ಚುಕಡಿಮೆ ಸಮ. ಬೇಕಾದಷ್ಟು ತಿನ್ನಿ ಅಂದರು. ಪ್ಯಾಕೆಟ್ ಊಟದಲ್ಲಿ ದಿನಕ್ಕೆ ಸುಮಾರು 500 ಕ್ಯಾಲೊರಿ ಜಾಸ್ತಿ ತಿಂದರು, ತೂಕವೂ ಏರಿತು. ಹಾಗಾಗಿ ಹೆದರಬೇಕಾದ್ದು ಪುಡಿ ಉಪ್ಪಿಗಲ್ಲ. ಮಕ್ಕಳ ಕೈಯಲ್ಲಿರುವ ಕುರುಕಲು ಪ್ಯಾಕೆಟ್ಟಿಗೆ.

ರೊಟ್ಟಿ ಪ್ರಿಯ:
ಮಿರ್ಚಿ ಭಜಿ ಯಾವ ಗುಂಪಿಗೆ ಬರುತ್ತೆ? ಸ್ವಲ್ಪ ಯೋಚಿಸಿ ಹೇಳಿ.

ಪೇಡಾ ಮತ್ತು ಪಾಠ:
ಮನೆಯಲ್ಲಿ ಮಾಡಿದರೆ ನಾಲ್ಕನೆಯದಕ್ಕೆ ಬರುವುದಿಲ್ಲ. ಕಾದ ಎಣ್ಣೆಯನ್ನೇ ಮೂರು ದಿನ ಕಾಯಿಸುವ ಗಾಡಿಯದಾದರೆ ಅದಕ್ಕೆ ಐದನೇ ಗುಂಪು ಮಾಡಬೇಕು.

ಕುಂದಗೋಳ ಕಾಕಾ:
ಕಡಿಮೆ ಸೋಡಿಯಂ ಉಪ್ಪು ಅಂತ ಒಂದು ಬಂದಿದೆಯಲ್ಲ, ಅದರ ಬಗ್ಗೆ ಯಾರಾದರೂ ಹೇಳಿ. ಮಗ ತಂದಿಟ್ಟಿದ್ದಾನೆ. ನನಗೆ ಬಿಪಿ ಇದೆ, ಕಿಡ್ನಿ ಕ್ರಿಯಾಟಿನಿನ್ ಸ್ವಲ್ಪ ಜಾಸ್ತಿ ಇದೆ.

ನರಗುಂದ ಸಿಸ್ಟರ್:
ಕಾಕಾ, ನೀವು ಅದನ್ನು ಮುಟ್ಟಬೇಡಿ, ಮೊದಲು ಡಾಕ್ಟರಿಗೆ ತೋರಿಸಿ. ಅದರಲ್ಲಿ ಸೋಡಿಯಂ ಜಾಗದಲ್ಲಿ ಒಂದಷ್ಟು ಪೊಟ್ಯಾಸಿಯಂ ಕ್ಲೋರೈಡ್ ಇರುತ್ತೆ. ಕಿಡ್ನಿ ಸರಿ ಇರುವವರಿಗೆ ಅದು ನಿಜಕ್ಕೂ ಒಳ್ಳೆಯದು. ಚೀನಾದಲ್ಲಿ 600 ಹಳ್ಳಿಗಳ ಸುಮಾರು 21 ಸಾವಿರ ಜನರಲ್ಲಿ ಅರ್ಧ ಹಳ್ಳಿಗಳಿಗೆ ಇಂಥ ಉಪ್ಪು ಕೊಟ್ಟು ಐದು ವರ್ಷದ ಹತ್ತಿರ ನೋಡಿದರು. 2021ರಲ್ಲಿ ಫಲಿತಾಂಶ ಬಂತು, ಪಾರ್ಶ್ವವಾಯು ನೂರಕ್ಕೆ 14ರಷ್ಟು ಕಡಿಮೆ. ಕಿಡ್ನಿ ತೊಂದರೆ ಇದ್ದವರನ್ನು ಅದರಲ್ಲಿ ಸೇರಿಸಿಕೊಂಡಿರಲಿಲ್ಲ. ಕಿಡ್ನಿ ಪೊಟ್ಯಾಸಿಯಂ ಹೊರಗೆ ಹಾಕದಿದ್ದರೆ ಹೃದಯದ ಬಡಿತಕ್ಕೇ ತೊಂದರೆ. ಕೆಲವು ಬಿಪಿ ಗುಳಿಗೆಯೂ ಪೊಟ್ಯಾಸಿಯಂ ಏರಿಸುತ್ತೆ, ಗುಳಿಗೆ ಚೀಟಿ ತೊಗೊಂಡು ಹೋಗಿ.

ಹಳೆ ಹುಬ್ಬಳ್ಳಿ ಅಣ್ಣ:
ನೋಡಿದಿರಾ, ಕಾರ್ಖಾನೆಯಲ್ಲಿ ಬೆರೆಸಿದ ಉಪ್ಪಿಗೆ ಇಷ್ಟೆಲ್ಲ ಷರತ್ತು. ನಮ್ಮ ಕಲ್ಲುಪ್ಪಿಗೆ ಯಾವ ಷರತ್ತೂ ಇಲ್ಲ.

ಲ್ಯಾಬ್ ಹುಡುಗ ಧಾರವಾಡ:
ಷರತ್ತು ಬರೆದಿಲ್ಲ ಅಷ್ಟೇ ಅಣ್ಣಾರ.

ಬ್ಯಾಡಗಿ ಖಾರ:
ಉಪ್ಪು ಸಾಕು, ಖಾರಕ್ಕೆ ಬನ್ನಿ. ನಮ್ಮ ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಜಿಐ (ಊರಿನ ಹೆಸರಿಗೆ ಕೊಡುವ ಮಾನ್ಯತೆ) ಸಿಕ್ಕಿದೆ. ಬಣ್ಣ ಜಾಸ್ತಿ, ಖಾರ ಕಡಿಮೆ. ಅದರ ಬಣ್ಣವನ್ನೇ ತೆಗೆದು ಮಾರುವ ಫ್ಯಾಕ್ಟರಿಗಳಿವೆ, ಹಾಗಾಗಿ ಬರೀ ಕೆಂಪು ನೋಡಿ ಬಿಡಿ ಖಾರಪುಡಿ ತರಬೇಡಿ. ಒಂದು ಗ್ಲಾಸ್ ನೀರಿನ ಮೇಲೆ ಚಿಟಿಕೆ ಉದುರಿಸಿ ನೋಡಿ. ಕೂಡಲೇ ಬಣ್ಣದ ಗೆರೆ ಗೆರೆಯಾಗಿ ಕೆಳಗಿಳಿದರೆ ಅದು ಹಚ್ಚಿದ ಬಣ್ಣ. ಇಡೀ ಕಾಯಿ ತಂದು, ತೊಟ್ಟು ತೆಗೆದು, ಬಿಸಿಲಿಗೆ ಹಾಕಿ, ಗಿರಣಿಯಲ್ಲಿ ನಿಂತು ಕುಟ್ಟಿಸಿಕೊಳ್ಳಿ.

ವೈನಿ ವಿದ್ಯಾನಗರ:
ನಿಂತು ಅಂದಿರಲ್ಲ, ಅದು ಮುಖ್ಯ. ಬಿಟ್ಟು ಬಂದರೆ ನಮ್ಮ ಡಬ್ಬಿಗೆ ಬೇರೆಯವರ ಗುಂಟೂರು ಖಾರ ಬರುತ್ತೆ. ಈಗ ಬ್ಯಾಡಗಿಯ ಎರಡು ಜಾತಿಯಲ್ಲಿ ಡಬ್ಬಿ ಕಾಯಿ ಚಲೋನಾ, ಕಡ್ಡಿ ಕಾಯಿ ಚಲೋನಾ?

ಬ್ಯಾಡಗಿ ಖಾರ:
ಬಣ್ಣಕ್ಕೆ ಡಬ್ಬಿ. ಕಡ್ಡಿ ಉದ್ದಗೆ, ಸುಕ್ಕು ಜಾಸ್ತಿ. ನಾವು ಮನೆಗೆ ಎರಡನ್ನೂ ಕೂಡಿಸುತ್ತೇವೆ ವೈನಿ.

ಗಿರಣಿ ಮಾಲೀಕ ಹಾವೇರಿ:
ಖಾರ ಕುಟ್ಟಿಸುವವರು ಬೆಳಗ್ಗೆ ಬೇಗ ಬನ್ನಿ, ಹನ್ನೊಂದರ ಮೇಲೆ ಜೋಳ ಹಾಕುತ್ತೇವೆ, ಆಮೇಲೆ ಬಂದು ರೊಟ್ಟಿ ಖಾರ ಆಯಿತು ಅಂತ ಬೈದರೆ ನಾವು ಜವಾಬ್ದಾರರಲ್ಲ. ಒಣಗದ ಕಾಯಿ ತರಬೇಡಿ, ಜಾಲರಿಗೆ ಮೆತ್ತಿಕೊಳ್ಳುತ್ತೆ. ಉಪ್ಪು ಬೆರೆಸಿ ಕುಟ್ಟುವುದಿಲ್ಲ, ಕಬ್ಬಿಣ ತಿನ್ನುತ್ತೆ. ಸೋಮವಾರ ಬಂದ್.